ಗಿರಿಜಾ ಮೇಡಂ ಮತ್ತು ನೀಲಿ ಬಿಲ್ಲೆಯ ಕುರಿಗಳು

ಗಿರಿಜಾ ಮೇಡಂ ಎದುರಿಗೆ ನಿಂತು ಕೈ ಜೋಡಿಸಿ ನಮಸ್ಕಾರ ಅನ್ನುವಷ್ಟರಲ್ಲಿ ಅವರ ಹೆಬ್ಬೆರಳು ನಮ್ಮ ಕೆನ್ನೆಗೆ ಬಂದು, ಕಣ್ಣಿನ ಕೆಳರೆಪ್ಪೆಯನ್ನು ಜಗ್ಗಿ ಆಗಿರುತ್ತಿತ್ತು. ಒಳಗೆ ಕೆಂಪಗಿದ್ದರೆ "ಛಲೋ ಅದ" ಎಂದು ಬಿಟ್ಟುಬಿಡುತ್ತಿದ್ದರು. ಬಿಳಿಚಿದ್ದರೆ "ಏನ್ ಉಣ್ತಿ ನೀ? ಗಾಳಿನಾ?" ಎಂದು ಗದರುತ್ತಿದ್ದರು. ಹೆಸರು, ಊರು, ಬಂದ ಕೆಲಸ ಎಲ್ಲ ಆಮೇಲಿನ ಮಾತು. ನಾನು ಮೊದಲ ಸಲ ಕಾಳಗಿಯಿಂದ ಬಸ್ಸು ಹತ್ತಿ, ಚಂದಾಪುರದಲ್ಲಿ ಇಳಿದು, ಊರ ಹೊರಗಿನ ಗುಡ್ಡದ ಬುಡದಲ್ಲಿದ್ದ ಅವರ ಕುರಿ ಘಟಕಕ್ಕೆ ಹೋದ ದಿನವೂ ಹೀಗೇ ಆಯಿತು. ಸಂದರ್ಶನವೆಂದು ಇಸ್ತ್ರಿ ಮಾಡಿದ ಸೀರೆ ಉಟ್ಟು, ಸರ್ಟಿಫಿಕೇಟುಗಳನ್ನು ಎದೆಗವಚಿಕೊಂಡು ನಿಂತಿದ್ದೆ. ಅವುಗಳ ಕಡೆ ಮೇಡಂ ಕಣ್ಣೆತ್ತಿಯೂ ನೋಡಲಿಲ್ಲ. ರೆಪ್ಪೆ ಜಗ್ಗಿ, ಬೆಳಕಿಗೆ ನನ್ನ ಮುಖ ತಿರುಗಿಸಿ, "ನಾಳಿಂದ ಬಾ. ಬರೂ ಮುಂದ ಶೇಂಗಾ ಬೆಲ್ಲ ತಿಂದು ಬಾ" ಎಂದರು.

ಇದು ಕುರಿಗಳಿಂದ ಅಂಟಿಕೊಂಡ ಚಟ. ಮಳೆಗಾಲದ ಹಸಿ ಹುಲ್ಲಿನ ಜೊತೆ ಕುರಿಯ ಹೊಟ್ಟೆಗೆ ಒಂದು ಜಾತಿಯ ಹುಳ ಇಳಿಯುತ್ತದೆ. ದಾರದಷ್ಟು ತೆಳ್ಳಗಿನ ಪ್ರಾಣಿ. ಒಳಗೆ ಕೂತು ರಕ್ತ ಕುಡಿಯುತ್ತದೆ. ಕುರಿ ಮೇಯುತ್ತಲೇ ಇರುತ್ತದೆ, ಮೇಯುತ್ತಲೇ ಸೊರಗುತ್ತದೆ, ಗದ್ದದ ಕೆಳಗೆ ನೀರು ತುಂಬಿಕೊಂಡು ಒಂದು ದಿನ ಕಾಲು ಮಡಚಿ ಕೂತದ್ದು ಮತ್ತೆ ಏಳುವುದಿಲ್ಲ. ಹೊಟ್ಟೆಯೊಳಗಿನ ಈ ಕಳ್ಳತನ ಹೊರಗೆ ಕಾಣುವುದು ಕಣ್ಣಿನ ಕೆಳರೆಪ್ಪೆಯಲ್ಲಿ ಮಾತ್ರ. ಹಾಗಾಗಿ ಕುರಿ ಡಾಕ್ಟರುಗಳೆಲ್ಲ ರೆಪ್ಪೆ ನೋಡುತ್ತಾರೆ. ಉಳಿದವರು ಕುರಿಯ ರೆಪ್ಪೆಗೇ ನಿಲ್ಲಿಸುತ್ತಾರೆ, ಮೇಡಂ ಅಲ್ಲಿಗೆ ನಿಲ್ಲಿಸಲಿಲ್ಲ, ಅಷ್ಟೇ ವ್ಯತ್ಯಾಸ.

ನಾನು ಕಲಿತದ್ದು ಮನುಷ್ಯರ ರಕ್ತ ಪರೀಕ್ಷೆ. ನಮ್ಮವ್ವನಿಗೆ ಈ ನೌಕರಿ ಸೇರಲೇ ಇಲ್ಲ. "ಕುರಿ ರಕ್ತ ನೋಡಾಕ ಇಷ್ಟು ಓದಬೇಕಿತ್ತೇನ ಮಾದೇವಿ? ನಿಮ್ಮಪ್ಪನ ಜೋಡಿ ಕುರಿ ಕೊಯ್ಯೂ ಸಂತಿಗಿ ಹೋಗಿದ್ರ ಪುಕ್ಕಟ ನೋಡ್ತಿದ್ದಿ" ಎನ್ನುತ್ತಿದ್ದಳು. ಆದರೆ ಆ ಘಟಕದಲ್ಲಿ ಕಳೆದ ವರ್ಷಗಳಷ್ಟು ನೆಮ್ಮದಿಯ ವರ್ಷಗಳು ನನಗೆ ಆಮೇಲೆ ಸಿಗಲಿಲ್ಲ. ಈಗ ಶಹಾಬಾದಿನ ಒಂದು ಲ್ಯಾಬಿನಲ್ಲಿ ಮನುಷ್ಯರ ರಕ್ತವನ್ನೇ ತೆಗೆಯುತ್ತೇನೆ. ಮನುಷ್ಯರು ಸೂಜಿ ಕಂಡರೆ ಕುರಿಗಿಂತ ಜಾಸ್ತಿ ಒದರುತ್ತಾರೆ.

ಮೇಡಂ ಗಿಡ್ಡನೆಯ ಹೆಂಗಸು. ಮೊಣಕೈ ತನಕ ಮಡಚಿದ ಗಂಡಸರ ಅಂಗಿ, ಕೆಳಗೆ ಸೀರೆ. ಆ ವೇಷದಲ್ಲಿ ಅವರನ್ನು ಬಿಟ್ಟು ಬೇರೆ ಯಾರನ್ನೂ ನಾನು ಕಂಡಿಲ್ಲ. ಊರು ಸೇಡಂ. ಆ ಕಡೆಯ ಗಡಿ ಮಂದಿಯ ಹಾಗೆ ಅವರ ಮನೆಯಲ್ಲಿ ತೆಲುಗೂ ಓಡಾಡುತ್ತಿತ್ತು. ಹೀಗಾಗಿ ಕುರಿಗಳಿಗೆ ಬೈಯುವುದು ತೆಲುಗಿನಲ್ಲಿ, ಮನುಷ್ಯರ ಜೊತೆ ಮಾತು ನಮ್ಮ ಕನ್ನಡದಲ್ಲಿ, ಯಂತ್ರಗಳ ಜೊತೆ ಇಂಗ್ಲಿಷಿನಲ್ಲಿ. ಕರೆಂಟು ಹೋಗಿ ಬಂದ ಮೇಲೆ ಫ್ರೀಜರಿನ ಬಾಗಿಲು ತಟ್ಟಿ "ಥ್ಯಾಂಕ್ಯೂ, ಥ್ಯಾಂಕ್ಯೂ" ಅನ್ನುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ದಿನದಲ್ಲಿ ಅವರು ಆಡಿದ ಮಾತನ್ನು ಪಾಲು ಮಾಡಿದರೆ ಕುರಿಗೆ ಅರ್ಧ, ಯಂತ್ರಕ್ಕೆ ಉಳಿದದ್ದರಲ್ಲಿ ಬಹುಪಾಲು, ನಮಗೆ ಚಟಾಕು.

ಮದುವೆಯಾಗಿರಲಿಲ್ಲ. ಚಂದಾಪುರದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದರು. ಒಮ್ಮೆ ಜ್ವರ ಬಂತೆಂದು ನೋಡಲು ಹೋದಾಗ ರೊಟ್ಟಿ ಬಡಿಯುತ್ತಾ ಕೂತಿದ್ದರು. ಜ್ವರದಲ್ಲೂ ಅವರ ರೊಟ್ಟಿ ಹುಣ್ಣಿಮೆ ಚಂದ್ರನಷ್ಟು ದುಂಡಗೆ. ತಮಗೆಂದು ಎರಡು ಬಡಿದು, ಇನ್ನೊಂದು ಬಡಿದು ಅದನ್ನು ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಬೇರೆ ಇಟ್ಟರು. ಅದು ನನಗೇ ಎಂದುಕೊಂಡು, "ಬ್ಯಾಡ್ರಿ ಮೇಡಂ, ಉಂಡು ಬಂದೀನಿ" ಎಂದೆ.

"ನಿನಗಲ್ಲಬೇ. ಯಾರರ ಬಂದ್ರ ಇರ್ಲಿ ಅಂತ."

"ಯಾರು ಬರ್ತಾರ್ರಿ?"

"ಬಂದ್ರ ಅಂದೆ" ಎಂದು ಹಂಚಿನ ಉರಿ ಆರಿಸಿದರು.

ಮರುದಿನ ಆ ರೊಟ್ಟಿ ಅವರ ಚೀಲದಲ್ಲಿ ಘಟಕಕ್ಕೆ ಬಂತು. ಒಂದು ಮುದಿ ಕುರಿ ಬಾಗಿಲಲ್ಲೇ ಕಾಯುತ್ತಿತ್ತು, ರೂಢಿಯಾಗಿರಬೇಕು. ಆಮೇಲೆ ಗಮನವಿಟ್ಟು ನೋಡಿದೆ. ಆ ಕುರಿಗೆ ರೊಟ್ಟಿ ತಪ್ಪಿದ ದಿನವೇ ಇರಲಿಲ್ಲ. ಅಂದರೆ ಅವರ ಕೋಣೆಗೆ ಯಾರೂ ಬಂದ ದಿನ ಇರಲಿಲ್ಲ.

ಬಳಗ ಇಲ್ಲವೆಂದಲ್ಲ. ಸೇಡಂದಲ್ಲಿ ಅಣ್ಣ ಇದ್ದ, ಅತ್ತಿಗೆ ಇದ್ದಳು, ಅಣ್ಣನ ಮಗಳ ಮದುವೆಗೆ ಕರೆಯೂ ಬಂತು. "ಒಬ್ಬಾಕಿನೇ ಹೋದ್ರ ಎಲ್ಲಾರೂ ಬಂದು ಮಾತಾಡಸ್ತಾರ, ನೀ ಜೋಡಿ ಬಾ" ಎಂದು ನನ್ನನ್ನು ಎಳೆದುಕೊಂಡು ಹೋದರು. ಅಂದು ಅವರು ರೇಷ್ಮೆ ಸೀರೆ ಉಟ್ಟಿದ್ದರು, ಅಂಗಿ ಇರಲಿಲ್ಲ, ಗುರುತೇ ಹತ್ತಲಿಲ್ಲ. ಎಲ್ಲ ಸರಿಯಾಗೇ ಇತ್ತು. ಗಂಡಿನ ತಾಯಿಗೆ ಕುಂಕುಮ ಹಚ್ಚುವ ಪಾಳಿ ಮೇಡಂಗೆ ಬಂತು. ಹಣೆಗೆ ಹೋಗಬೇಕಿದ್ದ ಕೈ ಕೆನ್ನೆಗೆ ಹೋಯಿತು. ಹೊಸ ಬೀಗಿತ್ತಿಯ ರೆಪ್ಪೆ ಜಗ್ಗಿ, ಮಂಟಪದ ಲೈಟಿನ ಕಡೆ ಮುಖ ತಿರುಗಿಸಿ, ಎಲ್ಲರಿಗೂ ಕೇಳುವ ಹಾಗೆ "ನಿಮಗ ರಕ್ತ ಭಾಳ ಕಡಿಮಿ ಅದ್ರಿ" ಎಂದುಬಿಟ್ಟರು.

ಬೀಗಿತ್ತಿ ಎರಡು ಹೆಜ್ಜೆ ಹಿಂದೆ ಸರಿದಳು. "ಇದೇನ್ರಿ, ಸಂತ್ಯಾಗ ಕುರಿ ನೋಡಿದಂಗ ನೋಡ್ತಾರ!" ಎಂದು ಅವಳು ಕೂಗಿದ್ದೇ ತಡ, ಗಂಡಿನ ಕಡೆಯವರೆಲ್ಲ ಎದ್ದು ನಿಂತರು. ಅಣ್ಣ ಬಂದು ತಂಗಿಯ ರಟ್ಟೆ ಹಿಡಿದು ಪಕ್ಕಕ್ಕೆ ಕರೆದೊಯ್ದ. "ಮನಿ ಮಂದಿಗೂ ಕುರಿಗೂ ಫರಕ ತಿಳಿಯಂಗಿಲ್ಲೇನ ನಿನಗ?" ಎಂದ. ನಾವು ಊಟಕ್ಕೆ ಕೂರದೆ ಬಸ್ ನಿಲ್ದಾಣಕ್ಕೆ ನಡೆದೆವು. ಸೇಡಂ ದಾಟಿ ಎಷ್ಟೋ ದೂರ ಬಂದ ಮೇಲೆ ಕಿಟಕಿಯಾಚೆ ನೋಡುತ್ತಲೇ, "ಆಕಿ ರೆಪ್ಪಿ ಖರೇನೇ ಬೆಳ್ಳಗ ಇತ್ತು ಮಾದೇವಿ. ಅಷ್ಟು ಮಂದಿ ಅದಾರ ಮನ್ಯಾಗ, ಒಬ್ರೂ ನೋಡಿಲ್ಲ" ಎಂದರು. ಆಮೇಲೆ ಸೇಡಂದಿಂದ ಕರೆ ಬರುವುದು ಕಡಿಮೆಯಾಯಿತು. ಕಡೆಗೆ ನಿಂತೇ ಹೋಯಿತು.

ಅವರ ಇಡೀ ಜೀವ ಇದ್ದದ್ದು ಒಂದು ಲಸಿಕೆಯಲ್ಲಿ. ಹುಳಕ್ಕೆ ಔಷಧ ಇಲ್ಲವೆಂದಲ್ಲ. ಕುಡಿಸಿದರೆ ಹುಳ ಬೀಳುತ್ತದೆ, ಮುಂದಿನ ಮಳೆಗೆ ಮತ್ತೆ ಬರುತ್ತದೆ, ಬರುಬರುತ್ತಾ ಔಷಧಕ್ಕೆ ಜಗ್ಗದಂತಾಗುತ್ತದೆ. ಕುರಿಯ ಮೈಯೇ ಹುಳವನ್ನು ಎದುರಿಸುವಂತೆ ಮಾಡಬೇಕು ಅನ್ನುವುದು ಮೇಡಂ ಹಟ. ಅದಕ್ಕಾಗಿ ಅವರು ಬೇರೆ ಊರಿನ ದೊಡ್ಡ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೂತು ಒಂದು ಡಿಎನ್‌ಎ ಲಸಿಕೆ ಮಾಡಿಕೊಂಡು ಬಂದಿದ್ದರು. ನನಗೆ ಅದು ಅರ್ಥವಾದದ್ದು ಶರಣಪ್ಪ ಕಾಕಾನಿಗೆ ಅವರು ವಿವರಿಸಿದಾಗಲೇ.

ಶರಣಪ್ಪ ಕಾಕಾ ಕುರಿಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯರು. ಚಿಂಚೋಳಿ ಹತ್ತಿರದ ಹಳ್ಳಿಯವರು, ಹಣೆ ತುಂಬ ವಿಭೂತಿ, ತಲೆಗೆ ಬಿಳಿ ರುಮಾಲು. ನೌಕರಿ ಖಾಯಂ ಆಗಿರಲಿಲ್ಲ. ಇವತ್ತು ಬರಬೇಡ ಅಂದರೆ ನಾಳೆ ಇಲ್ಲ. ಊರಲ್ಲಿ ದಾಸೋಹ ಇದ್ದರೆ ನೀಡಲು ಇವರೇ ನಿಲ್ಲಬೇಕು. ಪಂಕ್ತಿಯ ಕಡೆಯ ಎಲೆಗೂ ಎಲ್ಲ ಪದಾರ್ಥ ಬೀಳುವ ತನಕ ಒಂದು ಅಗುಳು ಬಾಯಿಗಿಡದ ಮನುಷ್ಯ.

"ಕಾಕಾ," ಎಂದರು ಮೇಡಂ, "ಹಳೀ ಲಸಿಕಿ ಅಂದ್ರ ಹುಳದ ಒಂದು ತುಣುಕು ತಂದು ಮೈಯಾಗ ಹಾಕೂದು. ಇದು ಹಂಗಲ್ಲ. ಆ ತುಣುಕು ಮಾಡೂ ರೀತಿ ಅಷ್ಟ ಹೇಳಿಕೊಡೂದು. ಅಡಗಿ ತಂದು ಕೊಡೂದಿಲ್ಲ, ಅಡಗಿ ಮಾಡೂದು ಕಲಸ್ತೀವಿ. ಕುರಿ ಮೈಯೇ ಮಾಡ್ಕೊಳ್ತದ. ಮಾಡ್ಕೊಂಡು, ಏ ಇದು ನಮ್ಮದಲ್ಲ, ಹೊರಗಿಂದು ಅಂತ ಗುರುತು ಹಿಡದು, ಅದರ ಮ್ಯಾಲ ಪ್ರತಿಕಾಯ ತಯಾರ ಮಾಡ್ತದ. ಮುಂದ ಖರೇ ಹುಳ ಬಂದಾಗ ಆ ಪ್ರತಿಕಾಯ ಅದರ ಬೆನ್ನು ಹತ್ತತಾವ."

ಕಾಕಾ ರುಮಾಲು ಸರಿಮಾಡಿಕೊಂಡು, "ಅಂದ್ರ ತಾನೇ ಅಡಗಿ ಮಾಡಿ, ತಾನೇ ಇದು ಛಲೋ ಆಗಿಲ್ಲ ಅಂತ ಜಗಳಾ ತಗೀತದ. ನಮ್ಮನ್ಯಾಕಿ ಇದ್ದಂಗ ಅದ ಬಿಡ್ರಿ" ಎಂದರು. ಮೇಡಂ ಗೋಡೆ ಹಿಡಿದು ನಕ್ಕದ್ದನ್ನು ನಾನು ಅಂದು ಕಂಡೆ.

ಪ್ರಯೋಗಕ್ಕೆ ಕೊಟ್ಟಿಗೆಯಲ್ಲೇ ಹುಟ್ಟಿ ಬೆಳೆದ, ಹುಳ ತಗುಲದ ಮರಿಗಳನ್ನು ಆರಿಸಿ ಎರಡು ಗುಂಪು ಮಾಡಿದೆವು. ಕೆಂಪು ಬಿಲ್ಲೆ ಕಿವಿಗೆ ಹಾಕಿದವಕ್ಕೆ ಲಸಿಕೆ. ನೀಲಿ ಬಿಲ್ಲೆಯವಕ್ಕೆ ಬರೀ ಉಪ್ಪುನೀರು. ಚುಚ್ಚುವಾಗ ಕಾಕಾ ಕುರಿಗಳನ್ನು ಹಿಡಿದು ನಿಂತಿದ್ದರು. ನೀಲಿ ಬಿಲ್ಲೆಯ ಮೊದಲ ಮರಿ ಬಂದಾಗ, "ಇದಕ್ಕ?" ಎಂದು ಕೇಳಿದರು. "ಇದಕ್ಕ ಉಪ್ಪುನೀರು ಕಾಕಾ" ಎಂದು ಮೇಡಂ ಹೇಳಿ ಮುಂದಿನದಕ್ಕೆ ಹೋದರು. ಕಾಕಾ ಆ ಮರಿಯ ಬಿಲ್ಲೆಯನ್ನು ಒಮ್ಮೆ ಮುಟ್ಟಿ ನೋಡಿ ಬಿಟ್ಟರು.

ಮೊದಲ ಸಲ ರಕ್ತ ತೆಗೆದು ಪರೀಕ್ಷೆ ಮಾಡಿದಾಗ ಏನೂ ಬರಲಿಲ್ಲ. ಸಣ್ಣ ಸಣ್ಣ ಗುಣಿಗಳಿರುವ ಪಡ್ಡಿನ ಹಂಚಿನಂಥ ಪ್ಲಾಸ್ಟಿಕ್ ತಟ್ಟೆ ಅದು. ರಕ್ತದಲ್ಲಿ ಪ್ರತಿಕಾಯ ಇದ್ದರೆ ಗುಣಿ ಹಳದಿ ಆಗಬೇಕು. ಎಲ್ಲವೂ ನೀರಿನ ಹಾಗೇ ಉಳಿದವು. "ಇಲಿಗಿ ಜಲ್ದಿ ಬರ್ತದ. ಕುರಿ ದೊಡ್ಡ ಪ್ರಾಣಿ, ಕಿವಿ ಮಂದ" ಎಂದರು ಮೇಡಂ. ಎರಡನೆಯ ಸಲ ಲಸಿಕೆ ಕೊಟ್ಟು ಕೆಲವು ವಾರ ಬಿಟ್ಟು ಮತ್ತೆ ನೋಡಿದೆವು. ನಾನು ಕೊನೆಯ ದ್ರಾವಣ ಹಾಕಿ ಹಿಂದೆ ಸರಿದೆ. ಮೇಡಂ ಮೇಜಿಗೆ ಗದ್ದ ಊರಿ ಕೂತರು. ಮೊದಲು ಒಂದು ಗುಣಿಯಲ್ಲಿ ಅನುಮಾನದಷ್ಟು ಬಣ್ಣ. ಆಮೇಲೆ ಪಕ್ಕದ್ದರಲ್ಲಿ. ನೋಡನೋಡುತ್ತಾ ಕೆಂಪು ಬಿಲ್ಲೆಯ ಕುರಿಗಳ ಸಾಲು ಪೂರ್ತಿ ಹಳದಿ ಏರಿತು. ನೀಲಿಯ ಸಾಲು ತಿಳಿಯಾಗೇ ಇತ್ತು.

"ಕಾಕಾ! ಅರಿಶಿಣ ಬಂತು, ಬರ್ರಿ!" ಎಂದು ಮೇಡಂ ಬಾಗಿಲಿಗೆ ಓಡಿದರು. ಅವರು ಓಡಿದ್ದನ್ನು ಅದೇ ಮೊದಲು ಕಂಡದ್ದು. ಕಾಕಾ ಬಂದು ತಟ್ಟೆಗೆ ಕೈಮುಗಿದರು. ನಾನು ಇನ್ನೇನು ಗೆದ್ದೆವು ಎಂದೆ. ಮೇಡಂ ಮುಖ ಗಂಭೀರವಾಯಿತು. "ಪ್ರತಿಕಾಯ ಏರೇದ, ಖರೆ. ಅದು ಕುರೀನ ಕಾಯ್ತದೋ ಇಲ್ಲೋ ನೋಡಬೇಕು. ಏರಿದ್ದೆಲ್ಲಾ ಕಾಯೂದಿಲ್ಲ ಮಾದೇವಿ" ಎಂದರು.

ಕಾಯುತ್ತದೋ ಇಲ್ಲವೋ ನೋಡುವ ದಾರಿ ಒಂದೇ. ಎರಡೂ ಗುಂಪಿಗೆ ಹುಳದ ಮರಿಗಳನ್ನು ಕುಡಿಸಬೇಕು. ಹೊಟ್ಟೆಯಲ್ಲಿ ಹುಳ ಬೆಳೆದರೆ ಅದರ ತತ್ತಿ ಹಿಕ್ಕೆಯಲ್ಲಿ ಕಾಣುತ್ತದೆ. ಕೆಂಪಿನವುಗಳಲ್ಲಿ ತತ್ತಿ ಕಡಿಮೆ, ನೀಲಿಯವುಗಳಲ್ಲಿ ಜಾಸ್ತಿ ಕಂಡರೆ ಲಸಿಕೆ ಗೆದ್ದ ಹಾಗೆ. ಯಾವ ಕುರಿಗಾದರೂ ಜೀವಕ್ಕೆ ಬಂದರೆ ತಕ್ಷಣ ಔಷಧ ಕೊಡುವುದೆಂದು ಮೇಡಂ ಮೊದಲೇ ಬಾಟಲಿ ತಂದು ಕಪಾಟಿನಲ್ಲಿ ಇಟ್ಟಿದ್ದರು. ಆ ದಿನವೂ ಕುರಿಗಳ ಬಾಯಿ ತೆರೆದು ಹಿಡಿದವರು ಕಾಕಾನೇ. ಅಂದು ಅವರು ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ. ಹೊಟ್ಟೆ ಸರಿ ಇಲ್ಲ ಎಂದರು. ನಾವೂ ನಂಬಿದೆವು.

ಕೆಲವು ವಾರಗಳ ಮೇಲೆ ನಾನು ಸೂಕ್ಷ್ಮದರ್ಶಕದಲ್ಲಿ ಹಿಕ್ಕೆ ನೋಡುತ್ತಾ ಬಂದೆ. ಕೆಂಪಿನವುಗಳಲ್ಲಿ ಕೆಲವಕ್ಕೆ ತತ್ತಿ ಕಡಿಮೆ, ಕೆಲವಕ್ಕೆ ಹೆಚ್ಚು. ನೀಲಿಯವುಗಳಲ್ಲಿ ಒಂದೂ ಇಲ್ಲ. ನಾನೇ ತಪ್ಪಿದೆನೆಂದು ಇನ್ನೊಮ್ಮೆ ನೋಡಿದೆ. ಇಲ್ಲ ಎಂದರೆ ಇಲ್ಲ. ಮೇಡಂ ಕೊಟ್ಟಿಗೆಗೆ ಹೋಗಿ ನೀಲಿ ಬಿಲ್ಲೆಯ ಕುರಿಗಳ ರೆಪ್ಪೆ ಒಂದೊಂದಾಗಿ ಜಗ್ಗಿದರು. ದಾಸವಾಳದಷ್ಟು ಕೆಂಪು. "ಉಪ್ಪುನೀರೇ ದೊಡ್ಡ ಲಸಿಕಿ ಅಂತ ಕಂಡುಹಿಡದೀವಿ ನೋಡು" ಎಂದು ನಕ್ಕರು. ಅದು ನಗುವಾಗಿರಲಿಲ್ಲ. ಆಮೇಲೆ ಮೇವು ಹಾಕುತ್ತಿದ್ದ ಕಾಕಾನ ಹತ್ತಿರ ಹೋದರು.

"ಕಾಕಾ, ನೀಲಿ ಬಿಲ್ಲಿಯವಕ್ಕ ಏನರ ಕುಡಿಸೀರೇನ್ರಿ?"

"ಹೌದ್ರಿ ಅವ್ವಾರ. ಜಂತಿನ ದವಾ. ಚಂದಾಪುರದ ಅಂಗಡ್ಯಾಗ ತಂದಿದ್ದೆ." ಕಾಕಾನ ದನಿಯಲ್ಲಿ ಅಂಜಿಕೆ ಇರಲಿಲ್ಲ. ಔಷಧ ಕುಡಿಸುವ ಬಿದಿರಿನ ಗೊಟ್ಟವನ್ನು ಮಾಡಿನಿಂದ ತೆಗೆದು ತೋರಿಸಿದರು.

"ಯಾಕ?"

"ಯಾಕಂದ್ರ ಹ್ಯಾಂಗ್ರಿ? ಹುಳದ ಮರಿ ಎಲ್ಲಾವಕ್ಕೂ ಕುಡಿಸಿದ್ರಿ. ನಾನೇ ಬಾಯಿ ಹಿಡದೆ. ಕೆಂಪಿಗಿ ಮದಲೇ ಕಾವಲು ಇಟ್ಟೀರಿ, ನೀಲಿಗಿ ಬರೇ ಉಪ್ಪುನೀರು. ಒಂದೇ ಪಂಕ್ತ್ಯಾಗ ಕುಂದ್ರಿಸಿ ಅರ್ಧ ಮಂದಿಗಿ ಹೋಳಿಗಿ ನೀಡಿ, ಅರ್ಧ ಮಂದಿಗಿ ಖಾಲಿ ಎಲಿ ಬಿಟ್ರ ಪಂಕ್ತಿಭೇದ ಆಗ್ತದ್ರಿ. ಆ ಪಾಪ ನೀಡಾವ್ರಿಗಿ ಹತ್ತತದ. ನೀವರೆ ಒಬ್ಬಾಕಿನೇ ಇರಾಕಿ. ನಿಮಗ ಹತ್ತಬಾರದಂತ ನಾ ಕುಡಿಸಿದೆ."

"ನನಗ್ಯಾಕ ಹೇಳ್ಲಿಲ್ಲ?"

"ಬಲಗೈಲೆ ನೀಡಿದ್ದು ಎಡಗೈಗಿ ತಿಳೀಬಾರದಂತಾರಲ್ರಿ."

ನನಗೆ ಮೈಯೆಲ್ಲ ಉರಿಯಿತು. ಕೆಂಪಿನಲ್ಲಿ ತತ್ತಿ ಕಡಿಮೆ ಅನ್ನಬೇಕಾದರೆ ಯಾವುದಕ್ಕಿಂತ ಕಡಿಮೆ ಎಂದು ಹೇಳಬೇಕಲ್ಲ. ಅಳೆಯುವ ಸೇರನ್ನೇ ಕಾಕಾ ಒಡೆದು ಹಾಕಿದ್ದರು. "ಇಷ್ಟು ವರ್ಷದ ಕೆಲಸ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆತಲ್ಲ ಕಾಕಾ!" ಎಂದು ಚೀರಿದೆ. ಕಾಕಾ ನನ್ನನ್ನೂ ಮೇಡಂ ಅವರನ್ನೂ ನೋಡಿದರು. ಮುಖ ಇಳಿಯುತ್ತಾ ಬಂತು. "ನಾ ಕೆಡಿಸಿದ್ನೇನ್ರಿ?" ಎಂದರು.

ಮೇಡಂ ಅಲ್ಲೇ ಮೇವಿನ ಗೋದಲಿಯ ಕಲ್ಲಿನ ಮೇಲೆ ಕೂತುಬಿಟ್ಟರು. ನೀಲಿ ಬಿಲ್ಲೆಯ ಒಂದು ಮರಿ ಬಂದು ಅವರ ಅಂಗಿಯ ತುದಿ ಅಗಿಯತೊಡಗಿತು. ಅದನ್ನು ಬಿಡಿಸಿಕೊಳ್ಳಲೂ ಇಲ್ಲ. "ಕುರಿ ಉಳದಾವಲ್ಲ ಕಾಕಾ. ಕೆಟ್ಟಿದ್ದು ನನ್ನ ಲೆಕ್ಕ ಅಷ್ಟ" ಎಂದರು. ನನ್ನ ಕಡೆ ತಿರುಗಿ, "ಬಾಯಿ ಮಾಡಬ್ಯಾಡ. ಅಡಗಿ ಕಲಸೂದು ಹೇಳಿದೆ, ಕೆಲವನ್ನ ಉಪಾಸ ಯಾಕ ಇಡಾಕತ್ತೀನಿ ಅಂತ ಹೇಳ್ಲಿಲ್ಲ. ಅದು ಹೇಳಬೇಕಾದಾಕಿ ನಾನು" ಎಂದರು. ಅಂದು ಸಂಜೆ ನಾನು ಬೀಗ ಹಾಕಲು ಹೋದಾಗ ಅವರು ಫ್ರೀಜರಿನ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದರು. ಏನೋ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನಾನು ಹಿಂದಿರುಗಿದೆ.

ಮೇಲಿನವರಿಗೆ ವರದಿ ಹೋಯಿತು. ನೀಲಿ ಗುಂಪಿಗೆ ಔಷಧ ಬಿದ್ದದ್ದರಿಂದ ಪ್ರಯೋಗ ನಿರರ್ಥಕ, ಉಸ್ತುವಾರಿಯ ಲೋಪ ತಮ್ಮದೇ ಎಂದು ಮೇಡಂ ಬರೆದರು. ಕಾಕಾನ ಹೆಸರು ಎಲ್ಲೂ ಬರಲಿಲ್ಲ. ಇನ್ನೊಮ್ಮೆ ಮಾಡಲು ಅವಕಾಶ ಕೇಳಿದ್ದರು, ಸಿಗಲಿಲ್ಲ. ಆ ಪ್ರತಿಕಾಯ ಕುರಿಯನ್ನು ಕಾಯುತ್ತಿತ್ತೋ ಇಲ್ಲವೋ ಅನ್ನುವುದು ಮೇಡಂಗೂ ತಿಳಿಯಲಿಲ್ಲ, ಯಾರಿಗೂ ತಿಳಿಯಲಿಲ್ಲ. ಲಸಿಕೆ ಸೋತಿದ್ದರೂ ಅವರು ತಡೆದುಕೊಳ್ಳುತ್ತಿದ್ದರು. ತಿಳಿಯದೇ ಉಳಿದದ್ದು ಅವರನ್ನು ತಿಂದಿತು. ಬೇರೆ ಮಾತಿನ ನಡುವೆಯೇ "ಕಾಯ್ತಿತ್ತೇನೋ" ಅನ್ನುವರು. ಸ್ವಲ್ಪ ಹೊತ್ತಿಗೆ ತಾವೇ "ಇಲ್ಲೇನೋ" ಅನ್ನುವರು.

ಆ ಶ್ರಾವಣದಲ್ಲಿ ಕಾಕಾ ತಮ್ಮ ಊರಿನ ದಾಸೋಹಕ್ಕೆ ಮೇಡಂ ಅವರನ್ನು ಹಟ ಹಿಡಿದು ಕರೆದರು. ಹಿಂದೆಲ್ಲ ಎಷ್ಟು ಕರೆದರೂ ಕುರಿ ಬಿಟ್ಟು ಬರಲಾಗದು ಅನ್ನುತ್ತಿದ್ದವರು ಈ ಸಲ ಹೊರಟರು. ಗುಡಿಯ ಅಂಗಳದಲ್ಲಿ ಉದ್ದಕ್ಕೆ ಪಂಕ್ತಿ. ಕಾಕಾನ ಸೊಸೆಗೂ ನನಗೂ ನಡುವೆ ಮೇಡಂ ಕೂತರು. ಕಾಕಾ ಹುಗ್ಗಿಯ ಬಕೀಟು ಹಿಡಿದು ನೀಡುತ್ತಾ ಬಂದು, ಮೇಡಂ ಎಲೆಗೂ ಉಳಿದವರಿಗೆ ಹಾಕಿದಷ್ಟೇ ಹಾಕಿದರು.

"ಇನ್ನೊಂದು ಜರಾ ನೀಡ್ರಿ ಕಾಕಾ, ಭಾಳ ಛಲೋ ಅದ."

"ಎಲ್ಲಾರಿಗೂ ಎರಡನೇ ಸುತ್ತು ಬರ್ತದ್ರಿ ಅವ್ವಾರ. ಕುಂದ್ರಿ" ಎಂದು ಕಾಕಾ ಮುಂದೆ ಹೋದರು.

ಮೇಡಂ ನಕ್ಕರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಎರಡನೆಯ ಸುತ್ತು ಬರುವ ತನಕ ಎಡಕ್ಕೂ ಬಲಕ್ಕೂ ತಿರುಗಿ, ಸಿಕ್ಕಿದವರ ಜೊತೆ ಅದೂ ಇದೂ ಮಾತಾಡಿದರು. ಎದ್ದು ಕೈತೊಳೆಯುವುದರೊಳಗೆ ಊರಿನ ಅರ್ಧ ಹೆಂಗಸರ ರೆಪ್ಪೆ ನೋಡಿ ಆಗಿತ್ತು. ಯಾರಿಗೂ ಬೇಜಾರಾಗಲಿಲ್ಲ. ಒಬ್ಬ ಮುದುಕಿಯಂತೂ ಇನ್ನೊಂದು ಕಣ್ಣನ್ನೂ ತೋರಿಸಿದಳು. ಮರುದಿನ ಘಟಕದ ಬಾಗಿಲಲ್ಲಿ ಮುದಿ ಕುರಿ ಕಾಯುತ್ತಲೇ ನಿಂತಿತ್ತು, ಮೊದಲ ಸಲ ರೊಟ್ಟಿ ಬರಲಿಲ್ಲ. ಮೇಡಂ ಹಿಂದಿನ ರಾತ್ರಿ ಒಲೆ ಹಚ್ಚಿರಲೇ ಇಲ್ಲ.

ಅದಾದ ಸ್ವಲ್ಪ ದಿನಕ್ಕೆ ಘಟಕ ಮುಚ್ಚಿತು. ಕುರಿಗಳು ಬೇರೆ ಕಡೆ ಹೋದವು. ಮೇಡಂ ಅವರನ್ನು ದೂರದ ಒಂದು ಕಚೇರಿಗೆ ಹಾಕಿದರು. ಅಲ್ಲಿ ಮೇಜು ಇತ್ತು, ಕುರಿ ಇರಲಿಲ್ಲ. ವಾಡಿಯಿಂದ ರೈಲು. ನಾನು ಚಿತ್ತಾಪುರದ ಮೇಲೆ ಹಾದು ಬಸ್ಸಿನಲ್ಲಿ ಅವರ ಜೊತೆ ಬಂದೆ. ಸ್ಟೇಷನ್ನಿನಲ್ಲಿ ನೋಡಿದರೆ ನಮಗಿಂತ ಮೊದಲೇ ಕಾಕಾ ಬಂದು ಬೆಂಚಿನ ಮೇಲಿನ ಕಾರ್ಖಾನೆಯ ಸಿಮೆಂಟು ಧೂಳು ಒರೆಸಿ ಕೂತಿದ್ದರು, ತೊಡೆಯ ಮೇಲೆ ಒಂದು ಬಟ್ಟೆಯ ಗಂಟು.

ರೈಲು ಬರುವ ಹೊತ್ತಿಗೆ ಮೇಡಂ ವಾಡಿಕೆಯಂತೆ ನನ್ನ ರೆಪ್ಪೆ ಜಗ್ಗಿ, "ಛಲೋ ಅದ" ಎಂದರು. ನನಗೆ ಅಳು ಬರುತ್ತಿತ್ತು. ಅಳುವುದಕ್ಕಿಂತ ತಮಾಷೆ ಮೇಲೆಂದು, "ಇವತ್ತು ನನ್ನ ಪಾಳಿ ಮೇಡಂ" ಎಂದು ಅವರ ಕೆನ್ನೆಗೆ ಕೈ ಹಾಕಿ ರೆಪ್ಪೆ ಜಗ್ಗಿದೆ. ಒಳಗೆ ಸುಣ್ಣ ಬಳಿದ ಹಾಗಿತ್ತು. ಕೆಂಪಿನ ಒಂದು ಗೆರೆ ಇಲ್ಲ.

"ಇದೇನ್ರಿ ಮೇಡಂ!"

ಅವರು ಮುಖ ಆ ಕಡೆ ತಿರುಗಿಸಿದರು. "ಬಿಡು ಮಾದೇವಿ. ನಾ ನೀಲಿ ಬಿಲ್ಲಿಯಾಕಿ. ಲೆಕ್ಕಕ್ಕ ಅಂತ ಯಾರರ ಇರಬೇಕಲ್ಲ ಹಂಗ, ಕಾವಲಿಲ್ದ."

ಕಾಕಾ ಎದ್ದು ಬಂದರು. "ನೀಲಿ ಬಿಲ್ಲಿ ಅಂದ್ರ ನಾ ಸುಮ್ಮನ ಬಿಡ್ತೀನೇನ್ರಿ?" ಎಂದು ಗಂಟನ್ನು ಅವರ ಕೈಗಿಟ್ಟರು. ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ. "ಇಷ್ಟು ರೊಟ್ಟಿ ಒಬ್ಬಾಕಿ ಹ್ಯಾಂಗ ತಿನ್ಲಿ ಕಾಕಾ?" ಎಂದರೆ, "ಯಾರರ ಬಂದ್ರ ಇರ್ಲಿ" ಎಂದರು. ನಾನು ಡಾಕ್ಟರಿಗೆ ತೋರಿಸಲೇಬೇಕೆಂದು ಆಣೆ ಹಾಕಿಸಿಕೊಂಡೆ. ಮೇಡಂ ತಲೆಯಾಡಿಸಿ ಹತ್ತಿದರು. ಕಿಟಕಿಯಲ್ಲಿ ಅವರ ಅಂಗಿಯ ತೋಳು ಸ್ವಲ್ಪ ದೂರದ ತನಕ ಕಂಡಿತು.

ಆಮೇಲೆ ಫೋನು. "ತೋರಿಸೀನಿ, ಗುಳಿಗಿ ಕೊಟ್ಟಾರ" ಎಂದು ಹೇಳಿ ಮಾತು ಬದಲಿಸುವರು. "ನಿನ್ನ ರೆಪ್ಪಿ ಫೋಟೋ ಕಳಸು" ಅನ್ನುವರು. ನಾನು ಕನ್ನಡಿ ಮುಂದೆ ನಿಂತು ರೆಪ್ಪೆ ಜಗ್ಗಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ, "ಛಲೋ ಅದ" ಎಂದು ಉತ್ತರ. ನಿಮ್ಮದೂ ಕಳಿಸ್ರಿ ಎಂದರೆ ಕಚೇರಿ ಮೆಟ್ಟಿಲ ಮೇಲಿನ ಬೀದಿನಾಯಿಯ ರೆಪ್ಪೆ ಜಗ್ಗಿ ಫೋಟೋ ಕಳಿಸುವರು. ಒಮ್ಮೆ ನಾನು 'ಹುಡುಗಾಟ ಸಾಕು, ನಾನೇ ಬರ್ತೀನಿ' ಎಂದು ಬರೆದೆ. 'ಬಾ, ಒಂದು ರೊಟ್ಟಿ ಇಟ್ಟೇ ಇರ್ತದ' ಎಂದು ಬಂತು. ಹೋಗುವ ದಿನ ಗೊತ್ತು ಮಾಡಿ ತಿಳಿಸಿದೆ. ಆ ಸಂದೇಶವನ್ನು ಅವರು ನೋಡಲಿಲ್ಲ. ಸೇಡಂದಿಂದ ಅವರ ಅಣ್ಣ ಫೋನು ಮಾಡಿದ. ಹೊಟ್ಟೆಯೊಳಗೆ ಬಹಳ ದಿನದಿಂದ ರಕ್ತ ಒಸರುತ್ತಿತ್ತಂತೆ. ಹೊರಗೆ ಯಾರಿಗೂ ಗೊತ್ತಾಗಿರಲಿಲ್ಲವಂತೆ. ಕೋಣೆಯಲ್ಲಿ ಒಬ್ಬರೇ ಇದ್ದರಂತೆ. ಹೇಳುತ್ತಾ ಹೇಳುತ್ತಾ ಆತ ಅತ್ತ. ನನಗೆ ಆತನ ಮೇಲೆ ಇದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ನಾನೂ ಈಗ ಶಹಾಬಾದಿನಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದೇನೆ. ಅವ್ವ ತೀರಿದ ಮೇಲೆ ಕಾಳಗಿಗೆ ಹೋಗುವ ಕೆಲಸ ಉಳಿದಿಲ್ಲ. ರಕ್ತ ಕೊಡಲು ಬಂದವರ ರೆಪ್ಪೆ ಜಗ್ಗಿ ನೋಡುತ್ತೇನೆ, ಕೆಲವರು ಬೈಯುತ್ತಾರೆ. ಮೇಡಂ ನೆನಪು ದಿನಕ್ಕೊಮ್ಮೆಯಾದರೂ ಏರುತ್ತದೆ. ಏರಿದ್ದೆಲ್ಲ ಕಾಯುವುದಿಲ್ಲ ಎಂದು ಅವರು ಹೇಳಿದ ಮಾತು ಅದರ ಹಿಂದೆಯೇ ಬರುತ್ತದೆ. ಸಂಜೆ ಕೋಣೆಯ ಬೀಗ ತೆಗೆಯುವಾಗ ಆ ನೆನಪು ನನ್ನನ್ನು ಕಾಯುವುದಿಲ್ಲ.

ಮೇಡಂ ತೀರಿಕೊಂಡ ಸುದ್ದಿ ಹೇಳಲು ಆಗ ನಾನೇ ಕಾಕಾನ ಊರಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಕೂತಿದ್ದರು, ಕಣ್ಣು ಮಂಜಾಗಿತ್ತು. ದನಿಯಿಂದ ಗುರುತು ಹಿಡಿದು "ಬಾ, ಕುಂದ್ರು" ಎಂದರು. ಹೇಳಿದೆ. ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಒಳಗಿನಿಂದ ಸೊಸೆ ನೀರು ತಂದು ಕೊಟ್ಟು ಹೋದಳು.

"ಅಲ್ಲಿ ಅವರ ಪಂಕ್ತ್ಯಾಗ ಯಾರಿದ್ರು?" ಎಂದು ಕೇಳಿದರು ಕಾಕಾ.

"ಯಾರೂ ಇರ್ಲಿಲ್ಲ ಕಾಕಾ."

ಕಾಕಾ ರುಮಾಲಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ನೀಲಿ ಬಿಲ್ಲಿ ಅಂತ ಬಾಯಿಬಿಟ್ಟು ಹೇಳಿದ್ರಲ್ಲ ಮಾದೇವಿ," ಎಂದರು. "ನಾ ಬರೇ ರೊಟ್ಟಿ ಗಂಟು ಕೊಟ್ಟು ಮನಿಗಿ ಬಂದೆ."